ಲೆಕ್ಕ ಕೇಳುವ ಜಾಗ

ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಬಜಿ ತಿಂದು ಮುಗಿಸಿದ ಮೇಲೆ ಕೈಯಲ್ಲಿ ಉಳಿಯೋದು ಎಣ್ಣೆ ಹತ್ತಿದ ಪೇಪರಿನ ತುಂಡು. ನನಗೆ ಅದನ್ನು ಓದೋ ಚಟ. ಕೆಲವು ವರ್ಷಗಳ ಹಿಂದೆ ಹಾಗೆ ಓದಿದ ಒಂದು ತುಂಡಿನಲ್ಲಿ ಸಾರ್ವಜನಿಕ ಪ್ರಕಟಣೆ ಇತ್ತು. ವಿದ್ಯುತ್ ದರ ಏರಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಇಂಥ ತಾರೀಖಿನೊಳಗೆ ಬರೆದು ಕಳಿಸಬಹುದು, ವಿಚಾರಣೆಗೆ ಬಂದು ಮಾತಾಡಬಹುದು ಅಂತ. ತಾರೀಖು ದಾಟಿ ತಿಂಗಳ ಮೇಲಾಗಿತ್ತು. ಬಜಿ ಕಟ್ಟೋಕೆ ಬಂದ ಮೇಲೆ ಇನ್ನೇನು ಉಳಿದಿರುತ್ತೆ ಹೇಳಿ! ಆದರೂ ಆ ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ನಡೀತಿರೋ ಒಂದು ಜಗಳಕ್ಕೂ ಆ ಪ್ರಕಟಣೆಗೂ ಸಂಬಂಧ ಇದೆ ಅಂತ ಯಾಕೋ ಅನ್ನಿಸಿತು.

ಜಗಳ ಏನು ಅಂದರೆ, ನನ್ನ ಅಪ್ಪನ ಊರು ಕುಷ್ಟಗಿ ತಾಲ್ಲೂಕು, ಅವ್ವನ ತವರು ಗಂಗಾವತಿ ಕಡೆ. ಬಸ್ಸಿನಲ್ಲಿ ಎರಡು ತಾಸಿನ ದಾರಿ, ಆದರೆ ಎರಡು ಬೇರೆ ಲೋಕ. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ. ತೂಬು ಎತ್ತಿದರೆ ನೀರು ತಾನಾಗೇ ಗದ್ದೆಗೆ ಇಳಿಯುತ್ತೆ. ಕುಷ್ಟಗಿ, ಯಲಬುರ್ಗಾ ಕಡೆ ನೀರು ನೆಲದೊಳಗೆ. ಮೋಟಾರು ಹಚ್ಚಿ ಮೇಲೆತ್ತಬೇಕು, ಅದಕ್ಕೆ ಕರೆಂಟು ಬೇಕು. ಹಬ್ಬಕ್ಕೆ ಮಾವ ಬಂದಾಗಲೆಲ್ಲ ಶುರು: "ನಿಮ್ಮ ಕಡ್ಯಾವರಿಗೇನ್ರಿ, ಕರೆಂಟು ಪುಕ್ಕಟೆ. ಸರಕಾರ ಮುಳುಗಿದ್ದೇ ನಿಮ್ಮಿಂದ." ಅಪ್ಪ ಬಿಡ್ತಿರಲಿಲ್ಲ: "ಕಾಲುವಿ ನೀರಿಗೆ ನೀವೆಷ್ಟು ಕೊಡ್ತೀರಿ, ಅದನ್ನ ಹೇಳು ಮೊದ್ಲ."

ಇಬ್ಬರೂ ಅರ್ಧ ಸರಿ ಅಂತ ನನಗೆ ಗೊತ್ತಾಗೋಕೆ ಬಹಳ ವರ್ಷ ಬೇಕಾಯ್ತು. ರೈಲು, ಕರೆಂಟು, ನೀರು ಇಂಥವನ್ನು ಸರ್ಕಾರ ನಡೆಸಬೇಕೋ ಖಾಸಗಿಯವರು ನಡೆಸಬೇಕೋ ಅಂತ ಟಿವಿಯಲ್ಲಿ ಚರ್ಚೆ ಬಂದಾಗ ನನಗೆ ಈ ಜಗಳವೇ ನೆನಪಾಗುತ್ತೆ. ನಮ್ಮ ಜಿಲ್ಲೆ ಈ ಎರಡೂ ಆಟ ನೋಡಿದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ಭಾಗಕ್ಕೆ ಮೊದಲು ಬಂದ ದೊಡ್ಡ ಸಾರ್ವಜನಿಕ ಸೇವೆ ರೈಲು, ಅದೂ ಖಾಸಗಿ ರೈಲು. 1876–78ರ ಧಾತು ಸಂವತ್ಸರದ ಬರದಲ್ಲಿ ಜನ ಸತ್ತ ಮೇಲೆ, ಕಾಳು ಸಾಗಿಸೋಕೆ ದಾರಿಯೇ ಇರಲಿಲ್ಲ ಅನ್ನೋದು ಬ್ರಿಟಿಷರಿಗೆ ಅರಿವಾಯ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗಿನಿಂದ ಕೊಪ್ಪಳದ ಮೇಲೆ ಹೊಸಪೇಟೆ, ಬಳ್ಳಾರಿಗೆ ಹೋಗೋ ದಾರಿ ಹಾಕಿದ್ದು ಇದೇ ಕಂಪನಿ. ಬಂಡವಾಳ ಲಂಡನ್ನಿನದು, ಆದರೆ ಒಪ್ಪಂದದಲ್ಲಿ ಒಂದು ಮಾತಿತ್ತು: ಹಾಕಿದ ದುಡ್ಡಿಗೆ ಇಂತಿಷ್ಟು ಬಡ್ಡಿ ಖಾತ್ರಿ, ದುಡಿಮೆ ಕಮ್ಮಿ ಬಿದ್ದರೆ ಸರ್ಕಾರ ತುಂಬಿಕೊಡುತ್ತೆ. ತುಂಬಿಕೊಡೋ ದುಡ್ಡು ಕಂದಾಯದ್ದು, ಅಂದರೆ ರೈತರದು. ಲಾಭ ಬಂದರೆ ಷೇರುದಾರರಿಗೆ, ನಷ್ಟ ಬಂದರೆ ನಮ್ಮ ಮುತ್ತಜ್ಜನಿಗೆ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂ ಅಂಡ್ ಎಸ್‌ಎಂ ಆಯ್ತು, 1944ರಲ್ಲಿ ಸರ್ಕಾರ ಆಡಳಿತ ತಗೊಂಡಿತು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಕರಗಿತು. ರೈಲು ಬಂದಿದ್ದರಿಂದ ಅನುಕೂಲ ಆಗಲಿಲ್ಲ ಅಂತಲ್ಲ. ಟಿಕೇಟಿನ ದರ ಯಾಕೆ ಇಷ್ಟು, ಖಾತ್ರಿ ಬಡ್ಡಿ ಎಲ್ಲಿಗೆ ಹೋಯ್ತು ಅಂತ ಕೊಪ್ಪಳದ ಪ್ಲಾಟ್‌ಫಾರ್ಮಿನಲ್ಲಿ ನಿಂತವನು ಕೇಳೋ ಜಾಗ ಮಾತ್ರ ಎಲ್ಲೂ ಇರಲಿಲ್ಲ.

ಕರೆಂಟಿನ ಕಥೆ ಬೇರೆ. ಮೈಸೂರಿನವರು 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿದರು. ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಗೆ ಖಾಸಗಿ ಕಂಪನಿ ಬಂತು. ನಿಜಾಮರ ರಾಜ್ಯದಲ್ಲಿ, ಅದರೊಳಗೂ ಸಾಲಾರ್ ಜಂಗ್ ಜಹಗೀರಾಗಿದ್ದ ಕೊಪ್ಪಳ, ಯಲಬುರ್ಗಾಕ್ಕೆ ಯಾರು ಬರ್ತಾರೆ? ಬರ ಬೀಳೋ ಎರೆ ನೆಲ, ಚದುರಿದ ಹಳ್ಳಿಗಳು. ಓಣಿಯಲ್ಲಿ ಹತ್ತು ಕಂಬ ನೆಟ್ಟರೆ ನೂರು ಮನೆ ಸಿಗೋ ಕಡೆ ಕಂಪನಿ ಹೋಗುತ್ತೆ. ನೂರು ಕಂಬ ನೆಟ್ಟರೂ ಹತ್ತು ಮನೆ ಸಿಗದ ಕಡೆ ಯಾಕೆ ಬರುತ್ತೆ?

ಹುಬ್ಬಳ್ಳಿಯ ಆ ಕಂಪನಿಯ ಕಥೆ ಇಲ್ಲಿ ಹೇಳಲೇಬೇಕು, ಯಾಕಂದರೆ ಕಾನೂನು ಓದಿದವರಿಗೆ ಅದು ಗೊತ್ತು, ಹುಬ್ಬಳ್ಳಿಯವರಿಗೇ ಮರೆತು ಹೋಗಿದೆ. 1910ರ ವಿದ್ಯುತ್ ಕಾಯ್ದೆಯ ಪ್ರಕಾರ ಕಂಪನಿಗೆ ಸರ್ಕಾರದ ಲೈಸೆನ್ಸ್ ಬೇಕು. ಕಂಪನಿ ತನ್ನ ಕರ್ತವ್ಯದಲ್ಲಿ ಬೇಕಂತಲೇ ತಪ್ಪಿತು ಅಂತ ಸರ್ಕಾರಕ್ಕೆ ಅಭಿಪ್ರಾಯ ಬಂದರೆ ಲೈಸೆನ್ಸ್ ರದ್ದು ಮಾಡಬಹುದು. ಮುಂಬೈ ಸರ್ಕಾರ ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿಯ ಲೈಸೆನ್ಸ್ ರದ್ದು ಮಾಡಿತು. ಕಂಪನಿ ಕೋರ್ಟಿಗೆ ಹೋಯ್ತು, ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಮುಟ್ಟಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ತೀರ್ಪು ಬಂತು. ಅದರ ಸಾರಾಂಶ ಇಷ್ಟು: ಕಾಯ್ದೆ ಕೇಳೋದು ಸರ್ಕಾರದ ಅಭಿಪ್ರಾಯವನ್ನು, ಆ ಅಭಿಪ್ರಾಯಕ್ಕೆ ಕಾರಣ ಸಾಕಷ್ಟಿತ್ತೋ ಇಲ್ಲವೋ ಅಂತ ಕೋರ್ಟು ತೂಕ ಹಾಕೋದಿಲ್ಲ. ಎಷ್ಟೋ ವರ್ಷ ನಮ್ಮ ನ್ಯಾಯಾಲಯಗಳಲ್ಲಿ ಇದನ್ನು ಉದಾಹರಣೆ ಕೊಡ್ತಿದ್ದರು. ಕಂಪನಿ ಒಳ್ಳೇದಿತ್ತೋ ಕೆಟ್ಟದ್ದಿತ್ತೋ, ನನಗೆ ಮುಖ್ಯ ಅನ್ನಿಸೋದು ಬೇರೆ. ಆ ಕಾಲದ ನಿಯಂತ್ರಣ ಅಂದರೆ ಸರ್ಕಾರದ ಮನಸ್ಸು. ಕಂಪನಿಗೂ ಕಾರಣ ಗೊತ್ತಾಗಬೇಕಿಲ್ಲ, ಬಿಲ್ ಕಟ್ಟೋ ಗಿರಾಕಿಗಂತೂ ಮೊದಲೇ ಬೇಕಿಲ್ಲ.

ನಮ್ಮ ಕಡೆ ಬಂದದ್ದು ಸರ್ಕಾರವೇ. 1945ರ ಫೆಬ್ರವರಿ 28ರಂದು ತುಂಗಭದ್ರೆಯ ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು, ಆ ಕಡೆ ಮದ್ರಾಸ್ ಗವರ್ನರ್, ಈ ಕಡೆ ಹೈದರಾಬಾದಿನ ಬೇರಾರ್ ಯುವರಾಜ. 1953ರಲ್ಲಿ ಕಾಲುವೆಗೆ ನೀರು ಬಂತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1957ರಲ್ಲಿ ವಿದ್ಯುತ್ ಮಂಡಳಿ ಆಯ್ತು, 1960ರ ದಶಕದಲ್ಲಿ ಮುನಿರಾಬಾದಿನ ವಿದ್ಯುತ್ ಮನೆ ತಿರುಗಿತು, 28 ಮೆಗಾವಾಟ್. ಇವತ್ತಿನ ಲೆಕ್ಕಕ್ಕೆ ಸಣ್ಣದು, ಆವತ್ತಿಗೆ ದೊಡ್ಡದು. ಕಂಪನಿಗೆ ಲಾಭ ಕಾಣದ ನೂರು ಕಂಬಗಳನ್ನು ನೆಟ್ಟದ್ದು ಮಂಡಳಿ. ಇದನ್ನು ಯಾರೂ ಮರೀಬಾರದು. ಅಪ್ಪನ ಊರಿಗೆ ಕರೆಂಟು ಬಂದ ದಿನ ಅಜ್ಜ ಕಂಬಕ್ಕೆ ಕಾಯಿ ಒಡೆದಿದ್ದನಂತೆ. ಆಮೇಲೆ ಬಾವಿಗೆ ಮೋಟಾರು ಕೂತಿತು, ಕಪಿಲೆ ಹೊಡೆಯೋ ಎತ್ತುಗಳು ಹೊಲಕ್ಕೆ ಮರಳಿದವು.

ಆದರೆ ಮಂಡಳಿಯಲ್ಲೂ ಲೆಕ್ಕ ಕೇಳೋ ಜಾಗ ಇರಲಿಲ್ಲ. ಕಂಪನಿ ಇದ್ದಾಗ ಮುಚ್ಚಿದ ಬಾಗಿಲು ಲಂಡನ್ನಿನಲ್ಲಿತ್ತು, ಈಗ ಬೆಂಗಳೂರಿನಲ್ಲಿ. ಅಷ್ಟೇ ವ್ಯತ್ಯಾಸ.

ಜಾಗ ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನು ನಮ್ಮ ನೆರೆಯವರೇ ತೋರಿಸಿದರು. ಮಲಪ್ರಭಾ ಅಣೆಕಟ್ಟಿನ ನೀರು ಸಿಗೋ ಜಮೀನಿಗೆ ಬೆಲೆ ಹೆಚ್ಚಾಗುತ್ತೆ, ಹಾಗಾಗಿ ರೈತರು ಅಭಿವೃದ್ಧಿ ಕರ ಕಟ್ಟಬೇಕು ಅಂತ ಸರ್ಕಾರ ಹೇಳಿತು. ಪುಸ್ತಕದ ಅರ್ಥಶಾಸ್ತ್ರದಲ್ಲಿ ಇದು ತಪ್ಪಲ್ಲ; ಲಾಭ ಪಡೆದವನು ಖರ್ಚಿನಲ್ಲಿ ಪಾಲು ಕೊಡಲಿ. ಆದರೆ ಎಷ್ಟೋ ಹೊಲಕ್ಕೆ ನೀರೇ ಬಂದಿರಲಿಲ್ಲ, ಕಾಗದದಲ್ಲಿ ಮಾತ್ರ ಬಂದಿತ್ತು. ಬಾರದ ನೀರಿಗೆ ಯಾಕೆ ಕೊಡಬೇಕು ಅಂತ ಕೇಳೋಕೆ ರೈತನಿಗೆ ಇದ್ದದ್ದು ತಹಶೀಲ್ದಾರರ ಕಚೇರಿಯ ಕಟ್ಟೆ ಮಾತ್ರ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಬಂಡಾಯ ಎದ್ದಿತು, ಗೋಲಿಬಾರ್ ಆಯ್ತು, ರೈತರು ಸತ್ತರು. ನಾವು ಅದನ್ನು ರೈತ ಹೋರಾಟದ ಇತಿಹಾಸ ಅಂತ ಓದ್ತೀವಿ, ಸರಿಯೇ. ನಾನು ಅದನ್ನು ದರದ ವಿಚಾರಣೆ ಅಂತಲೂ ಓದ್ತೀನಿ. ಒಳಗೆ ಕೂತು ನಡೆಸಬೇಕಿದ್ದ ವಿಚಾರಣೆ ಬೀದಿಗೆ ಬಂತು, ಬೆಲೆಯನ್ನು ಜೀವದಲ್ಲಿ ತೆತ್ತರು.

ಆ ಪೆಟ್ಟಿನ ನಂತರ ರಾಜಕಾರಣ ಇನ್ನೊಂದು ಪಾಠ ಕಲಿತಿತು: ದರ ಕೇಳೋದೇ ಬೇಡ. ಪಂಪ್‌ಸೆಟ್ಟಿಗೆ ಮೀಟರ್ ಓದೋದು ಬಿಟ್ಟು ಎಚ್‌ಪಿಗೆ ಇಷ್ಟು ಅಂತ ಲೆಕ್ಕ ಬಂತು, ಆಮೇಲೆ ಅದೂ ಹೋಗಿ 2008ರಿಂದ 10 ಎಚ್‌ಪಿ ತನಕ ಬಿಲ್ಲೇ ಇಲ್ಲ. ಅಪ್ಪನಿಗೆ ಖುಷಿ ಆಯ್ತು, ನನಗೂ ಆಯ್ತು. ಬೋರಿನ ಆಳ ಹೆಚ್ಚಾದಂತೆ ಅದೇ ನೀರಿಗೆ ಹೆಚ್ಚು ಕರೆಂಟು ಬೇಕು. ಬಿಲ್ ಬಂದಿದ್ದರೆ ದಾಳಿಂಬೆ ಗಿಡ ಎಂದೋ ಒಣಗ್ತಿತ್ತು. ಕಾಲುವೆ ನೀರು ಕುಷ್ಟಗಿಯ ದಿನ್ನೆ ಹತ್ತಿ ಬರಲಿಲ್ಲ. ಹಾಗಾಗಿ ಗಂಗಾವತಿಗೆ ಗುರುತ್ವಾಕರ್ಷಣೆ ಮಾಡೋ ಕೆಲಸವನ್ನು ನಮ್ಮಲ್ಲಿ ಮೋಟಾರು ಮಾಡಬೇಕು. ಅಣೆಕಟ್ಟು ಕಟ್ಟೋ ಖರ್ಚು, ಕಾಲುವೆ ದುರಸ್ತಿ ಖರ್ಚು ಇದ್ದರೂ ಮಾವನ ಗದ್ದೆಯ ನೀರನ್ನು ಯಾವ ಪೇಪರೂ "ಪುಕ್ಕಟೆ" ಅಂತ ಬರೆಯೋದಿಲ್ಲ. ಅಪ್ಪನ ಕರೆಂಟನ್ನು ಬರೆಯುತ್ತೆ. ಅಪ್ಪ ಸರಿ ಅಂದದ್ದು ಈ ಅರ್ಥದಲ್ಲಿ.

ಮಾವ ಸರಿ ಇದ್ದದ್ದು ಎಲ್ಲಿ ಅಂದರೆ, ಬಿಲ್ ಹೋದಾಗ ಮೀಟರೂ ಹೋಯ್ತು. ಮೀಟರ್ ಇಲ್ಲದ ಮೇಲೆ ಪಂಪ್‌ಸೆಟ್ಟಿಗೆ ಎಷ್ಟು ಕರೆಂಟು ಹೋಯ್ತು ಅಂತ ಯಾರಿಗೂ ಖಚಿತವಿಲ್ಲ, ಅಂದಾಜು ಮಾಡಬೇಕು. ಅಂದಾಜಿನ ಚೀಲದಲ್ಲಿ ಏನು ಬೇಕಾದರೂ ತುಂಬಬಹುದು. ತಂತಿಯಲ್ಲಿ ಸೋರಿದ್ದು, ಕಳ್ಳತನದಲ್ಲಿ ಹೋದದ್ದು ಎಲ್ಲ ರೈತನ ಹೆಸರಿನ ಚೀಲಕ್ಕೆ ಬೀಳೋಕೆ ದಾರಿ ಆಗುತ್ತೆ. ಅಪ್ಪನ ಮೇಲೆ ಅವನು ತಿನ್ನದ ಸಾಲವೂ ಬಿದ್ದಿರಬಹುದು, ಆದರೆ ಹೌದೋ ಅಲ್ಲವೋ ಅಂತ ತೋರಿಸೋಕೆ ಅವನ ಕೈಯಲ್ಲಿ ಕಾಗದ ಇಲ್ಲ. ಮೀಟರ್ ಅಂದರೆ ವಸೂಲಿ ಅಂತ ನಮ್ಮ ಕಡೆ ಹೆದರ್ತಾರೆ. ನನಗೀಗ ಅನ್ನಿಸುತ್ತೆ, ಪುಕ್ಕಟೆ ತಗೊಳ್ಳೋನಿಗೇ ಮೀಟರ್ ಹೆಚ್ಚು ಬೇಕು. ಅದು ಅವನ ಸಾಕ್ಷಿ.

ಈ ಪುಕ್ಕಟೆಯ ದುಡ್ಡು ಎರಡು ಕಡೆಯಿಂದ ಬರುತ್ತೆ. ಒಂದು, ಸರ್ಕಾರದ ಸಹಾಯಧನ. ಇನ್ನೊಂದು, ಬೇರೆ ಗಿರಾಕಿಗಳ ಹೆಚ್ಚಿನ ದರ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಯವರು, ಕಾರ್ಖಾನೆಯವರು, ಅಂಗಡಿಯವರು ತಮ್ಮ ಕರೆಂಟಿನ ಖರ್ಚಿಗಿಂತ ಹೆಚ್ಚು ಕೊಟ್ಟು ಅದನ್ನು ತುಂಬ್ತಾ ಬಂದರು. ಮಾವನ ಭತ್ತ ಗಿರಣಿಗೆ ಹೋಗುತ್ತೆ, ಗಿರಣಿಯ ಬಿಲ್ಲಿನಲ್ಲಿ ಅಪ್ಪನ ಮೋಟಾರಿನ ಪಾಲಿದೆ. ಹಬ್ಬದ ಜಗಳ ಅಲ್ಲೇ ಗಂಟು ಹಾಕಿಕೊಂಡಿತ್ತು ನೋಡಿ, ಇಬ್ಬರಿಗೂ ಗೊತ್ತಿರಲಿಲ್ಲ.

ಸುಧಾರಣೆ ಅಂತ ಬಂದದ್ದು 1999ರಲ್ಲಿ. ಕೆಇಬಿ ಹೋಗಿ ಕೆಪಿಟಿಸಿಎಲ್ ಆಯ್ತು, ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿತು. 2002ರ ಜೂನ್‌ನಲ್ಲಿ ವಿತರಣೆಯನ್ನು ನಾಲ್ಕು ಕಂಪನಿಗಳಾಗಿ ಒಡೆದರು, ನಮ್ಮ ಪಾಲಿಗೆ ಕಲಬುರಗಿಯ ಜೆಸ್ಕಾಂ ಬಂತು. ಆವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು, ಇದು ಖಾಸಗಿಗೆ ಮಾರೋ ಮೊದಲ ಹೆಜ್ಜೆ. ಆದರೆ ಹೆಸರಿಗೆ ಕಂಪನಿ, ಮಾಲೀಕ ಸರ್ಕಾರ, ಇವತ್ತಿಗೂ ಹಾಗೇ ಇದೆ.

ಮಾರಿದವರ ಅನುಭವ ಏನು? ಒಡಿಶಾ ಎಲ್ಲರಿಗಿಂತ ಮೊದಲು, 1999ರಲ್ಲಿ ವಿತರಣೆಯನ್ನು ಖಾಸಗಿಗೆ ಕೊಟ್ಟಿತು. ಅದೇ ಅಕ್ಟೋಬರಿನಲ್ಲಿ ಭಾರೀ ಚಂಡಮಾರುತ ಬಂದು ಕಂಬಗಳೆಲ್ಲ ಮಲಗಿದವು. ಅಲ್ಲಿಗೆ ಬಂದಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಕೈಬಿಟ್ಟು ಹೋಯ್ತು. ದಿಲ್ಲಿ 2002ರಲ್ಲಿ ಕೊಟ್ಟಿತು, ಅಲ್ಲಿ ಅರ್ಧದಷ್ಟಿದ್ದ ನಷ್ಟ ಹತ್ತು ಪ್ರತಿಶತಕ್ಕಿಂತ ಕೆಳಗಿಳಿಯಿತು. ಅದು ದೊಡ್ಡ ಸಾಧನೆಯೇ. ಆದರೆ ದರ ಏರಿಸೋಕೆ ಧೈರ್ಯ ಸಾಲದೆ ಮುಂದೆ ವಸೂಲಿ ಮಾಡೋಣ ಅಂತ ಪುಸ್ತಕದಲ್ಲಿ ಬರೆದಿಟ್ಟ ಬಾಕಿ ಎಷ್ಟು ಬೆಳೀತು ಅಂದರೆ, 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇದನ್ನು ತೀರಿಸಿ ಅಂತ ಗಡುವು ಹಾಕಬೇಕಾಯ್ತು. ಒಂದೇ ಔಷಧ, ಒಂದು ಕಡೆ ಹಾಗೆ, ಒಂದು ಕಡೆ ಹೀಗೆ.

ಇದರ ಹಿಂದಿರೋ ಅರ್ಥಶಾಸ್ತ್ರ ತಿಳಿಯೋಕೆ ಪದವಿ ಬೇಕಿಲ್ಲ. ಒಂದೇ ಓಣಿಗೆ ಎರಡು ಕಂಪನಿ ಎರಡು ಸಾಲು ಕಂಬ ನೆಟ್ಟರೆ ಖರ್ಚು ಡಬಲ್, ಯಾರಿಗೂ ಲಾಭ ಇಲ್ಲ. ಹಾಗಾಗಿ ಒಬ್ಬನೇ ಇರಬೇಕು. ಒಬ್ಬನೇ ಇದ್ದರೆ ಗಿರಾಕಿಗೆ ಬೇರೆ ಅಂಗಡಿ ಇಲ್ಲ. ಸಂತೆಯಲ್ಲಿ ಬದನೆಕಾಯಿ ತುಟ್ಟಿ ಅಂದರೆ ಪಕ್ಕದವಳ ಹತ್ತಿರ ಹೋಗಬಹುದು, ಕರೆಂಟಿಗೆ ಎಲ್ಲಿ ಹೋಗ್ತೀರಿ? ಆ ಪಕ್ಕದ ಅಂಗಡಿಯ ಕೆಲಸವನ್ನು ಯಾರಾದರೂ ಮಾಡಬೇಕು. ಇದನ್ನು ಮೊದಲು ಗಟ್ಟಿಯಾಗಿ ಕೇಳಿದವನು ಜನನಾಯಕನಲ್ಲ, ಶಿಕಾಗೋದ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್. 1898ರಲ್ಲಿ ಅವನು ತನ್ನ ಉದ್ಯಮದವರ ಸಭೆಯಲ್ಲೇ ಸರ್ಕಾರ ನಮ್ಮನ್ನು ನಿಯಂತ್ರಿಸಲಿ, ಬದಲಿಗೆ ನಮಗೆ ಪೈಪೋಟಿ ಬೇಡ ಅಂದ. 1907ರಲ್ಲಿ ನ್ಯೂಯಾರ್ಕ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಆಯೋಗಗಳು ಬಂದವು. ಖರ್ಚಿನ ಮೇಲೆ ಇಂತಿಷ್ಟು ಲಾಭ ಅಂತ ಕೊಟ್ಟರೆ ಕಂಪನಿ ಬೇಡದ ಯಂತ್ರವನ್ನೂ ಕೊಂಡು ಖರ್ಚು ಉಬ್ಬಿಸುತ್ತೆ ಅಂತ 1962ರಲ್ಲಿ ಅವರ್ಚ್, ಜಾನ್ಸನ್ ಅನ್ನೋ ಇಬ್ಬರು ತೋರಿಸಿದರು. ಅದಕ್ಕೆ ಬ್ರಿಟನ್ನಿನಲ್ಲಿ ಲಿಟಲ್‌ಚೈಲ್ಡ್ ಅನ್ನೋರು 1983ರಲ್ಲಿ ಬೆಲೆಗೇ ಮೇಲ್ಮಿತಿ ಹಾಕೋ ಸೂತ್ರ ಕೊಟ್ಟರು, ಉಳಿಸಿದ್ದು ಕಂಪನಿಗೆ. ಉಳಿತಾಯ ಎಷ್ಟಾಯ್ತು ಅಂದರೆ 1997ರಲ್ಲಿ ಅಲ್ಲಿನ ಹೊಸ ಸರ್ಕಾರ ಖಾಸಗಿ ಕಂಪನಿಗಳ ಮೇಲೆ ವಿಶೇಷ ತೆರಿಗೆ ಹಾಕಿತು. ಸೂತ್ರ ಯಾವುದೇ ಇರಲಿ, ಕಂಪನಿಗೆ ತನ್ನ ಖರ್ಚು ಗೊತ್ತು, ನಿಯಂತ್ರಕನಿಗೆ ಗೊತ್ತಿಲ್ಲ. ಇಡೀ ಆಟ ಇರೋದು ಇಲ್ಲೇ. ಮಾಲೀಕ ಸರ್ಕಾರ ಆದರೂ ಇದೇ ಕಥೆ.

ನಮ್ಮ 2003ರ ವಿದ್ಯುತ್ ಕಾಯ್ದೆ ಈ ಕತ್ತಲೆಗೆ ಒಂದು ಕಿಟಕಿ ಇಟ್ಟಿದೆ. ದರದ ಅರ್ಜಿಯನ್ನು ಪತ್ರಿಕೆಯಲ್ಲಿ ಹಾಕಬೇಕು. ಜನರ ಆಕ್ಷೇಪಣೆ ಕೇಳಿ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು. ಯಾರಿಗಾದರೂ ಅಗ್ಗವಾಗಿ ಕೊಡಬೇಕು ಅಂತ ಸರ್ಕಾರಕ್ಕೆ ಅನ್ನಿಸಿದರೆ ಆ ದುಡ್ಡನ್ನು ಮುಂಗಡ ಕಟ್ಟಬೇಕು. ಹುಬ್ಬಳ್ಳಿ ಕಂಪನಿಯ ಕಾಲದಲ್ಲಿ ಸರ್ಕಾರದ ಅಭಿಪ್ರಾಯ ಸಾಕಿತ್ತು. ಈಗ ಕಾರಣ ಬರೆಯಬೇಕು, ಬರೆದದ್ದರ ಮೇಲೆ ಮೇಲ್ಮನವಿ ಹಾಕಬಹುದು. ಅರವತ್ತು ವರ್ಷದಲ್ಲಿ ಇಷ್ಟು ದೂರ ಬಂದಿದ್ದೀವಿ, ಬಂದ ಕಾಗದದಲ್ಲಿ ಬಜಿ ಕಟ್ಟಿಕೊಡ್ತಿದ್ದೀವಿ.

ಕಿಟಕಿಯ ಹತ್ತಿರ ಹೋಗೋಕೆ ಈಗ ಅವಸರವೂ ಇದೆ. ಅದೇ ಕಾಯ್ದೆ ದೊಡ್ಡ ಗಿರಾಕಿಗೆ ತನಗೆ ಬೇಕಾದವರಿಂದ ಕರೆಂಟು ಕೊಳ್ಳೋ ದಾರಿ ಬಿಟ್ಟಿದೆ, ಸ್ವಂತಕ್ಕೆ ಉತ್ಪಾದಿಸಿಕೊಂಡರೆ ಹೆಚ್ಚುವರಿ ಶುಲ್ಕದಿಂದ ವಿನಾಯಿತಿಯೂ ಇದೆ. ಕುಷ್ಟಗಿ, ಯಲಬುರ್ಗಾದ ಎರೆ ಹೊಲಗಳಲ್ಲಿ ಈಗ ಗಾಳಿಯಂತ್ರಗಳು ತಿರುಗ್ತಿವೆ. ಕಾರ್ಖಾನೆಗಳು ಹೀಗೆ ಹೊರಗೆ ಹೋದಷ್ಟೂ ಅಪ್ಪನ ಮೋಟಾರಿನ ಪಾಲು ಹೊರೋ ಹೆಗಲು ಕಮ್ಮಿ ಆಗುತ್ತೆ. ಉಳಿದವರ ದರ ಏರಬೇಕು, ಇಲ್ಲ ಸರ್ಕಾರದ ಸಹಾಯಧನ ಏರಬೇಕು, ಇಲ್ಲ ತಂತಿ ಕಂಬದ ದುರಸ್ತಿ ಮುಂದಕ್ಕೆ ಹೋಗಬೇಕು. ಮೂರನೆಯದು ಎಲ್ಲಕ್ಕಿಂತ ಸುಲಭ, ಯಾಕಂದರೆ ತಕ್ಷಣ ಯಾರಿಗೂ ಕಾಣೋದಿಲ್ಲ.

ಕಾಣೋದು ಯಾವಾಗ ಅಂದರೆ 2024ರ ಆಗಸ್ಟ್ 10ರ ರಾತ್ರಿ ಕಂಡ ಹಾಗೆ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯ್ತು. ತುಂಬಿದ್ದ ಜಲಾಶಯದ ನೀರು ಹರಿದು ಹೋಗೋದನ್ನು ಗಂಗಾವತಿಯ ರೈತರು ಎದೆ ಹಿಡಿದುಕೊಂಡು ನೋಡಿದರು. ಹರಿಯೋ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿದ ಎಂಜಿನಿಯರು, ಕೆಲಸಗಾರರಿಗೆ ಎಷ್ಟು ಕೈ ಮುಗಿದರೂ ಸಾಲದು. ಆವತ್ತು ಮಾವ ಫೋನ್ ಮಾಡಿ ಬಹಳ ಹೊತ್ತು ಸುಮ್ಮನಿದ್ದ. ಎಪ್ಪತ್ತು ವರ್ಷದ ಗೇಟು. ಹಳೇದಾಗೋ ವಸ್ತುವಿಗೆ ಪ್ರತಿ ವರ್ಷ ಇಷ್ಟು ಅಂತ ಎತ್ತಿಡಬೇಕು ಅನ್ನೋದು ಕಿರಾಣಿ ಅಂಗಡಿಯವನಿಗೂ ಗೊತ್ತು. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ, ಅದೂ ಒಂದು ಸವಕಳಿಯೇ. ಮಾವ ಕೊಡೋ ನೀರಿನ ಕರದಲ್ಲಿ ಇದಕ್ಕೆಲ್ಲ ಎಷ್ಟು ಎತ್ತಿಡ್ತಾರೆ?

ಮೂರನೇ ದಾರಿಯೂ ಇದೆ ಅನ್ನೋದನ್ನು ಹೇಳದೆ ಮುಗಿಸಬಾರದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಹಕರ ಸಹಕಾರಿ ಸಂಘವೇ ಕರೆಂಟು ಹಂಚ್ತಾ ಬಂದಿದೆ. ಸರ್ಕಾರದ್ದೂ ಅಲ್ಲ, ಸೇಠಜಿಯದೂ ಅಲ್ಲ. ಅಲ್ಲಿ ಸ್ವರ್ಗ ಇದೆ ಅಂತ ನಾನು ಹೇಳೋದಿಲ್ಲ. ಸಹಕಾರಿ ಸಂಘದ ಚುನಾವಣೆ ಗೊತ್ತಿದ್ದವರಿಗೆ ಬಿಡಿಸಿ ಹೇಳೋದು ಬೇಕಿಲ್ಲ. ಆದರೆ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಲೆಕ್ಕ ಓದಲೇಬೇಕು.

ಬಜಿ ತಿಂದ ಮರುವರ್ಷ ನಾನು ಪ್ರಕಟಣೆಯನ್ನು ಕಾಯ್ದು ಹಿಡಿದೆ. ಒಂದೇ ಪುಟದ ಆಕ್ಷೇಪಣೆ ಬರೆದೆ. ದರ ಇಳಿಸಿ ಅಂತ ಕೇಳಲಿಲ್ಲ. ಪಂಪ್‌ಸೆಟ್ಟಿನ ಬಳಕೆಯಲ್ಲಿ ಅಳೆದದ್ದು ಎಷ್ಟು, ಅಂದಾಜು ಎಷ್ಟು, ತಾಲ್ಲೂಕುವಾರು ಕೊಡಿ ಅಂತ ಕೇಳಿದೆ. ರಾತ್ರಿ ಬಸ್ಸಿಗೆ ಕಲಬುರಗಿಗೆ ಹೋದೆ. ಮಾತಾಡೋಕೆ ನಿಂತಾಗ ಕಾಲು ನಡುಗಿತು, ಮೂರು ನಿಮಿಷದಲ್ಲಿ ಮುಗಿಸಿದೆ. ಕೆಲವು ತಿಂಗಳ ಮೇಲೆ ಬಂದ ದಪ್ಪ ಆದೇಶದಲ್ಲಿ ನನ್ನ ಪ್ರಶ್ನೆ ಎರಡು ಸಾಲು ಇತ್ತು, ಅದರ ಕೆಳಗೆ ಉತ್ತರ ಐದು ಸಾಲು. ಉತ್ತರ ಪೂರ್ತಿ ಸಮಾಧಾನ ಕೊಡಲಿಲ್ಲ. ಆದರೆ ಅಪ್ಪ ಕನ್ನಡಕ ಹಾಕಿಕೊಂಡು ಆ ಏಳು ಸಾಲನ್ನು ಮೂರು ಸಲ ಓದಿಸಿಕೊಂಡ. "ಅಂದ್ರ ಕೇಳಬಹುದು," ಅಂದ.

ಆ ಸಲದ ಹಬ್ಬಕ್ಕೆ ಮಾವ ಬಂದಾಗ ಅಪ್ಪ ಜಗಳ ತೆಗೆಯಲಿಲ್ಲ, ಪುಟ ತೋರಿಸಿದ. ಮಾವ ಓದಿ, ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ತಿರುಗಿ ಕೇಳಿದ: "ಕಾಲುವಿ ನೀರಿಂದು ಹಿಂಗ ಎಲ್ಲಿ ಕೇಳಬೇಕಪಾ?"

ಪಕ್ಕದ ಮಹಾರಾಷ್ಟ್ರದವರು 2005ರಲ್ಲಿ ನೀರಿಗೂ ಒಂದು ನಿಯಂತ್ರಣ ಪ್ರಾಧಿಕಾರ ಮಾಡಿಕೊಂಡರು ಅಂತ ಹೇಳಿದೆ. "ಅದು ಅವರದಾತು. ನಮ್ಮದು?" ಅಂದ. ನಮ್ಮ ಕಾಲುವೆ ನೀರಿನ ದರ ಇವತ್ತಿಗೂ ಸರ್ಕಾರ ತಾನೇ ಬರೆದು ತಾನೇ ಸಹಿ ಹಾಕೋದು. ಮಾವನಿಗೆ ಏನು ಹೇಳಬೇಕು ಅಂತ ತಿಳೀಲಿಲ್ಲ, ಹೋಳಿಗೆ ಮುಂದಿಟ್ಟೆ.